ಅರ್ಕಾವತಿಯ ಜಾಡಿನಲ್ಲಿ

ಬೆಂಗಳೂರಿಗೆ ನದಿಯಿಲ್ಲವೆಂದು ಹೇಳುವುದು ವಾಡಿಕೆ. ಶಿವಮೊಗ್ಗೆಯವರಿಗೆ ತುಂಗೆಯುಂಟು, ಹರಿಹರದವರಿಗೆ ತುಂಗಭದ್ರೆಯುಂಟು, ಶ್ರೀರಂಗಪಟ್ಟಣವಂತೂ ಕಾವೇರಿಯ ತೋಳುಗಳ ನಡುವೆಯೇ ಕುಳಿತಿದೆ. ರಾಜಧಾನಿಯವರು ಮಾತ್ರ ನಾಲ್ಕಾರು ಕೆರೆಗಳ ಹೆಸರು ಹೇಳಿ ಸುಮ್ಮನಾಗುತ್ತಾರೆ. ಊರಿನ ನಡುವೆ ಕಣ್ಣಿಗೆ ಕಾಣುವಂತೆ ಹರಿಯುವ ನದಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಈ ಮಾತು ನಿಜ. ಕೊಳಾಯಿಯಲ್ಲಿ ಹರಿದ ನದಿಯನ್ನೂ ಲೆಕ್ಕಕ್ಕೆ ಹಿಡಿದರೆ ಅದು ಸುಳ್ಳು. 1894ರಿಂದ ಮೊದಲ್ಗೊಂಡು 1974ರಲ್ಲಿ ಕಾವೇರಿಯ ನೀರು ಬರುವವರೆಗೆ, ಎಂಬತ್ತು ವರ್ಷಗಳ ಕಾಲ ಬೆಂಗಳೂರು ಮುಖ್ಯವಾಗಿ ಕುಡಿದದ್ದು ಅರ್ಕಾವತಿಯ ನೀರನ್ನು. ನದಿ ನಗರದ ಬಳಿಗೆ ಬರಲಿಲ್ಲ. ನಗರವೇ ಕೊಳವೆಗಳನ್ನು ಚಾಚಿಕೊಂಡು ನದಿಯ ಬಳಿಗೆ ಹೋಯಿತು.

ಆ ನದಿಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು. ಅದರ ಉದ್ದ ಸುಮಾರು 190 ಕಿಲೋಮೀಟರು. ಒಂದೇ ಸಲಕ್ಕೆ ನಡೆದು ಮುಗಿಸುವ ಶಕ್ತಿ ನನ್ನದಲ್ಲವಾದ್ದರಿಂದ, ಬಿಡುವು ದೊರೆತಾಗಲೆಲ್ಲ ಒಂದೊಂದು ತುಂಡನ್ನು, ಬಸ್ಸು ಇದ್ದಲ್ಲಿ ಬಸ್ಸಿನಲ್ಲಿ, ಇಲ್ಲದಲ್ಲಿ ಕಾಲ್ನಡಿಗೆಯಲ್ಲಿ ನೋಡಿಕೊಂಡು ಬಂದೆ.

ನದಿಯ ಮೂಲ ನಂದಿಬೆಟ್ಟ. 1478 ಮೀಟರು ಎತ್ತರದ ಈ ಬೆಟ್ಟದ ಮೇಲೆ ಟಿಪ್ಪುವಿನ ಕೋಟೆಯುಂಟು. ಬುಡದ ನಂದಿ ಗ್ರಾಮದಲ್ಲಿ ಒಂಬತ್ತನೆಯ ಶತಮಾನದಷ್ಟು ಹಿಂದಿನ ಭೋಗನಂದೀಶ್ವರ ದೇವಾಲಯವುಂಟು. 1927ರಲ್ಲಿ ದೇಹಾಲಸ್ಯದಿಂದ ಬಳಲಿದ್ದ ಗಾಂಧೀಜಿ ಇಲ್ಲಿಯೇ ವಿಶ್ರಾಂತಿ ಪಡೆದರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಈ ಐದೂ ನದಿಗಳು ನಂದಿಯ ಆಸುಪಾಸಿನ ಬೆಟ್ಟಗಳಲ್ಲಿಯೇ ಹುಟ್ಟುತ್ತವೆ. ತಲಕಾವೇರಿಯಲ್ಲಿರುವಂತೆ ಕುಂಡಿಕೆಯೋ ತೀರ್ಥವೋ ಒಂದನ್ನು ಕಂಡು ಕೈಮುಗಿಯಬೇಕೆಂದು ಬಂದವನಿಗೆ ಇಲ್ಲಿ ನಿರಾಸೆಯಾದೀತು. ಮಳೆ ಬಿದ್ದಾಗ ಬಂಡೆಗಳ ಸಂದಿನಿಂದ ಹತ್ತಾರು ನೀರೆಳೆಗಳು ದೊಡ್ಡಬಳ್ಳಾಪುರದ ಕಡೆಯ ಇಳಿಜಾರಿನಲ್ಲಿ ಕೆಳಗಿಳಿದು ಒಂದನ್ನೊಂದು ಕೂಡುತ್ತವೆ, ಅದೇ ಅರ್ಕಾವತಿ.

ಬೆಟ್ಟ ಇಳಿದೊಡನೆ ನದಿಯೆಂಬುದು ಕಾಣುವುದೇ ಇಲ್ಲ, ಕೆರೆಗಳು ಕಾಣುತ್ತವೆ. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ನಮ್ಮ ಹಿರಿಯರು ನದಿಯನ್ನು ಮಣಿಸರದಂತೆ ಪೋಣಿಸಿಟ್ಟಿದ್ದರು. ಪ್ರತಿಯೊಂದು ಕೆರೆಗೂ ಏರಿ, ತೂಬು, ಕೋಡಿ. ತೂಬನ್ನು ಎತ್ತಿ ಇಳಿಸಿ ಯಾರ ಗದ್ದೆಗೆ ಎಷ್ಟು ನೀರೆಂದು ನೋಡಿಕೊಳ್ಳಲು ಒಬ್ಬ ನೀರುಗಂಟಿ. ಮೇಲಿನ ಊರಿನವರು ನೀರನ್ನೆಲ್ಲ ತಾವೇ ಹಿಡಿದಿಟ್ಟುಕೊಳ್ಳುವಂತಿರಲಿಲ್ಲ. ಕೋಡಿಯ ಮಟ್ಟಕ್ಕೆ ಬಂದ ನೀರು ಕೆಳಗಿನವರ ಪಾಲು. ಈ ಏರ್ಪಾಡನ್ನು ಯಾವ ಗ್ರಂಥದಲ್ಲಿಯೂ ಬರೆದಿಡಬೇಕಾಗಿರಲಿಲ್ಲ, ಕಲ್ಲಿನ ಕೋಡಿಯ ಎತ್ತರವೇ ಅದನ್ನು ಹೇಳುತ್ತಿತ್ತು.

ಈ ಕೆರೆಗಳ ಸೀಮೆಯಲ್ಲಿಯೇ, ದೊಡ್ಡಬಳ್ಳಾಪುರಕ್ಕೆ ಸಮೀಪದಲ್ಲಿ, ರಾಜಘಟ್ಟವೆಂಬ ಊರಿದೆ. ಘಟ್ಟವೆಂಬ ಮಾತಿಗೆ ಬೆಟ್ಟದ ಸಾಲೆಂಬ ಅರ್ಥವೂ ಉಂಟು, ನೀರಿಗಿಳಿಯುವ ಸೋಪಾನವೆಂಬ ಅರ್ಥವೂ ಉಂಟು. ಇಲ್ಲಿ ಯಾವುದು ಸರಿಯೆಂಬುದನ್ನು ಪಂಡಿತರು ನಿರ್ಣಯಿಸಲಿ. ಇಲ್ಲಿ ಊರಿನವರು ಬೂದಿಗುಂಡಿ ಎಂದು ಕರೆಯುತ್ತಿದ್ದ ಒಂದು ದಿಬ್ಬವಿತ್ತು. ಆ ಹೆಸರನ್ನು ಕೇಳಿದವರು ಅಲ್ಲಿ ಏನಾದರೂ ಇದ್ದೀತೆಂದು ಊಹಿಸುವ ಹಾಗಿರಲಿಲ್ಲ. 2001ರಲ್ಲಿಯೂ ಮತ್ತೆ 2004ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯದವರು ಪ್ರೊಫೆಸರ್ ಎಂ. ಎಸ್. ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆಸಿದರು. ಮಣ್ಣಿನಡಿಯಿಂದ ಒಂದು ಬೌದ್ಧ ಚೈತ್ಯದ ಮತ್ತು ಭಿಕ್ಷುಗಳು ವಾಸಿಸುತ್ತಿದ್ದ ವಿಹಾರದ ತಳಪಾಯಗಳು ಹೊರಬಂದವು. ಕರ್ನಾಟಕದಲ್ಲಿ ಬೌದ್ಧರ ನೆಲೆ ಎಂದೊಡನೆ ನಾವು ಉತ್ತರದ ಸನ್ನತಿಯನ್ನು ನೆನೆಯುತ್ತೇವೆ. ಗಂಗರು ಆಳುತ್ತಿದ್ದ ಈ ತೆಂಕಣ ಬಯಲಿನಲ್ಲಿಯೂ, ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ, ಕಾಷಾಯ ವಸ್ತ್ರದ ಭಿಕ್ಷುಗಳು ಊರೂರಿಗೆ ಭಿಕ್ಷಾಪಾತ್ರೆ ಹಿಡಿದು ನಡೆದಿದ್ದರೆಂಬುದು ಬೂದಿಗುಂಡಿಯಿಂದ ತಿಳಿದುಬಂದಿತು.

ಅಲ್ಲಿ ಸಿಕ್ಕಿದ ವಸ್ತುಗಳಲ್ಲಿ ನನ್ನ ಮನಸ್ಸನ್ನು ಹಿಡಿದಿಟ್ಟವು ಅಂಗೈಯಲ್ಲಿ ಹಿಡಿಸುವಂಥ ಜೇಡಿಮಣ್ಣಿನ ಸ್ತೂಪಗಳು. ದೊಡ್ಡ ಸ್ತೂಪವನ್ನು ಕಟ್ಟಿಸಲು ಅರಸನೋ ಶ್ರೇಷ್ಠಿಯೋ ಬೇಕು. ಮಣ್ಣಿನ ಪುಟ್ಟ ಸ್ತೂಪವನ್ನು ಯಾವ ಬಡವನಾದರೂ ಮಾಡಿ ಹರಕೆಯಾಗಿ ಒಪ್ಪಿಸಬಹುದು. ಅವುಗಳ ಹೊಟ್ಟೆಯಲ್ಲಿ ಅಕ್ಷರಗಳನ್ನೊತ್ತಿದ ಮಣ್ಣಿನ ಬಿಲ್ಲೆಗಳಿದ್ದವು. ಸ್ತೂಪವನ್ನು ಒಡೆದ ಹೊರತು ಆ ಬರಹವನ್ನು ಯಾರೂ ಓದುವಂತಿಲ್ಲ! ಓದಲೆಂದು ಬರೆದದ್ದಲ್ಲ ಅದು, ಇರಲೆಂದು ಬರೆದದ್ದು. ನಾಲಂದದಿಂದ ಬರ್ಮಾದವರೆಗೆ ಬೌದ್ಧರು ಇಂಥ ಬಿಲ್ಲೆಗಳ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಒತ್ತಿರುವ ಗಾಥೆಯೊಂದಿದೆ. ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ. ಆ ಕಾರಣವನ್ನೂ ಅದು ಇಲ್ಲವಾಗುವ ಬಗೆಯನ್ನೂ ತಥಾಗತನು ತಿಳಿಸಿದ್ದಾನೆ ಎಂಬುದು ಅದರ ಸಾರ. ಇಂಥ ವಿಚಾರವನ್ನು ನಮ್ಮ ಕೆರೆಸೀಮೆಯ ಮಣ್ಣಿನಲ್ಲಿ ಮುದ್ದೆ ಮಾಡಿ ಒತ್ತುತ್ತಿದ್ದ ಜನ ಎಷ್ಟು ಸಮಾಧಾನಿಗಳಾಗಿದ್ದಿರಬೇಕು ಎಂದುಕೊಂಡು ನಾನು ಆ ದಿಬ್ಬದ ಬಳಿ ಬಹಳ ಹೊತ್ತು ನಿಂತಿದ್ದೆ. ಸುತ್ತಲೂ ರಾಗಿಯ ಹೊಲ; ದೂರದಲ್ಲಿ ಮಂಜು ಸುತ್ತಿದ ನಂದಿಬೆಟ್ಟ.

ಅಲ್ಲಿಂದ ಹೊರಟು ಅರ್ಕಾವತಿಯ ಪಾತ್ರದ ಮೇಲಿರುವ ಒಂದು ಚಿಕ್ಕ ಸೇತುವೆಯನ್ನು ಮುಟ್ಟಿದಾಗ ನಡುಹಗಲು. ಸೇತುವೆಗೆ ಕಟ್ಟೆಯಿದೆ, ಕಮಾನಿದೆ, ಕೆಳಗೆ ಮಾತ್ರ ನೀರಿಲ್ಲ. ಪಾತ್ರದ ತುಂಬ ಜಾಲಿ, ಎಕ್ಕದ ಗಿಡ. ಅರ್ಕವೆಂದರೆ ಸೂರ್ಯನೂ ಹೌದು, ಎಕ್ಕದ ಗಿಡವೂ ಹೌದು. ಹೆಸರಿನ ಒಂದರ್ಥವಾದರೂ ಉಳಿದುಕೊಂಡಿತಲ್ಲ ಎನ್ನಿಸಿತು. ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕನನ್ನು ಮಾತನಾಡಿಸಿದೆ.

“ಅರ್ಕಾವತಿ ಹೊಳೆ ಇದೇನೇ, ತಾತ?”

“ಹೂಂ ಸ್ವಾಮಿ, ಇದೇನೇ. ನೀರು ಬಂದ್ರೆ ಹೊಳೆ, ಬರದಿದ್ರೆ ದಾರಿ.”

“ಮೊದಲು ಬರುತ್ತಿತ್ತೇ?”

“ಬರ್ತಿತ್ತು ಅಂತೀರಾ! ಮಳೆ ನಿಂತು ತಿಂಗಳು ಎರಡು ತಿಂಗಳಾದ್ರೂ ಒಸರ್ತಾನೇ ಇತ್ತು. ಬ್ಯಾಸಿಗೇಲಿ ಮರಳಲ್ಲಿ ಮೊಳ ಆಳ ಒರತೆ ತೋಡಿದ್ರೆ ಕುಡಿಯೋ ನೀರು. ಈಗ ಒರತೆ ತೋಡೋಕೆ ಮರಳೂ ಇಲ್ಲ ಬಿಡಿ ಸ್ವಾಮಿ.”

ಇಷ್ಟು ಹೇಳಿ ಆತ ಕುರಿಗಳನ್ನು ಪಾತ್ರದೊಳಕ್ಕೇ ಇಳಿಸಿದ.

ದೊಡ್ಡಬಳ್ಳಾಪುರ ನೇಯ್ಗೆಯ ಊರು. ಬೀದಿಯಲ್ಲಿ ನಡೆದರೆ ಮನೆಮನೆಯಿಂದಲೂ ವಿದ್ಯುತ್ ಮಗ್ಗಗಳ ಲಟಪಟ ಸದ್ದು ಕೇಳುತ್ತದೆ. ರೇಷ್ಮೆ ಸೀರೆಗಳಿಗೆ ಈ ಊರು ಹೆಸರುವಾಸಿ. ಊರಿನ ಚರಂಡಿಯ ನೀರೂ ಹತ್ತಿರದ ಕೈಗಾರಿಕೆಗಳ ಕೊಳಕೂ ಸೇರಿ ಕೆಳಗಿನ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳನ್ನು ಕೆಡಿಸಿದವು. ಆ ಊರುಗಳ ಜನ ಶುದ್ಧ ನೀರಿಗಾಗಿ ಎಷ್ಟೋ ಸಲ ಧರಣಿ ಕುಳಿತಿದ್ದಾರೆ. ಮಣಿಸರದಲ್ಲಿ ಮೇಲಿನ ಮಣಿಗೆ ಹತ್ತಿದ ಮಸಿ ಕೆಳಗಿನದಕ್ಕೂ ಹತ್ತಲೇಬೇಕಲ್ಲವೆ? ಕೋಡಿಯ ನ್ಯಾಯ ಒಳ್ಳೆಯದಕ್ಕೆ ಹೇಗೋ ಕೆಟ್ಟದ್ದಕ್ಕೂ ಹಾಗೆಯೇ.

ಇನ್ನು ಹೆಸರಘಟ್ಟ. ಇದೂ ಒಂದು ಘಟ್ಟವೇ. ಇಲ್ಲಿಗೆ ಬಂದಾಗ ಬೆಂಗಳೂರಿನ ಕಥೆ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳನ್ನು ನಂಬಿಕೊಂಡಿತ್ತು. ಧರ್ಮಾಂಬುಧಿಯ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಜನ ಹೆಚ್ಚಿ ನೀರು ಸಾಲದಾಗಿ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದ ಬಳಿ ಅರ್ಕಾವತಿಯನ್ನು ತಡೆದು ಜಲಾಶಯ ಮಾಡಿದರು. 1894ರಲ್ಲಿ ಏರ್ಪಟ್ಟ ಈ ಯೋಜನೆಗೆ ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರನ್ನಿಟ್ಟರು. ಕೆರೆಯ ನೀರು ಇಟ್ಟಿಗೆಯಿಂದ ಕಟ್ಟಿದ ಕಾಲುವೆಯಲ್ಲಿ ತನ್ನಷ್ಟಕ್ಕೆ ತಾನೇ ಹರಿದುಬಂದು, ಸೋಲದೇವನಹಳ್ಳಿಯ ಪಂಪುಮನೆಯಲ್ಲಿ ಆವಿಯ ಯಂತ್ರಗಳ ಬಲದಿಂದ ಮೇಲೇರಿ ನಗರವನ್ನು ಸೇರುತ್ತಿತ್ತು.

ಆ ಇಟ್ಟಿಗೆಯ ಮೇಲ್ಗಾಲುವೆಯ ಭಾಗಗಳು ಈಗಲೂ ನಿಂತಿವೆ. ನೆಲ ತಗ್ಗಿದಲ್ಲಿ ಕಮಾನುಗಳ ಮೇಲೆ ಕಾಲುವೆಯನ್ನು ಎತ್ತಿಕೊಂಡು ಹೋಗಿದ್ದಾರೆ. ಸೇತುವೆಯೆಂದರೆ ನೀರನ್ನು ದಾಟಲು ಮನುಷ್ಯನು ಕಟ್ಟಿಕೊಂಡದ್ದು ಎಂದು ನಾವು ತಿಳಿದಿದ್ದೇವೆ. ಇದು ನೆಲವನ್ನು ದಾಟಲು ನೀರಿಗೆ ಕಟ್ಟಿಕೊಟ್ಟ ಸೇತುವೆ. ಯಂತ್ರವಿಲ್ಲದೆ ನೀರು ಹರಿಯಬೇಕಾದರೆ ಇಳಿಜಾರು ಬೇಕು. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಇಟ್ಟಿಗೆ ಕಿತ್ತುಹೋದೀತು, ಕಡಮೆಯಾದರೆ ನೀರು ನಿಂತು ಪಾಚಿ ಕಟ್ಟೀತು. ಆ ಸೂಕ್ಷ್ಮವನ್ನು ಕಣ್ಣಳತೆಯಿಂದ ಕಾಣಲಾಗದಂತೆ, ಆದರೆ ನೀರಿಗೆ ತಿಳಿಯುವಂತೆ ಕಟ್ಟಿದ ಇಂಜಿನಿಯರುಗಳನ್ನೂ ಗಾರೆ ಕೆಲಸದವರನ್ನೂ ಮೆಚ್ಚಬೇಕು. ಅವರಲ್ಲಿ ಗಾರೆ ಕೆಲಸದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕಮಾನಿನ ಸಂದಿನಲ್ಲಿ ಪಾರಿವಾಳಗಳು ಗೂಡು ಮಾಡಿದ್ದವು. ಒಂದು ಕಡೆ ಅರಳಿಯ ಸಸಿಯೊಂದು ಇಟ್ಟಿಗೆಗಳನ್ನು ಬಿಡಿಸುವ ಕೆಲಸಕ್ಕೆ ತೊಡಗಿತ್ತು. ಅದನ್ನು ಈಗಲೇ ಕೀಳದಿದ್ದರೆ ನೂರು ವರ್ಷದ ಬಿಸಿಲು ಮಳೆ ಮಾಡದ ಕೆಲಸವನ್ನು ಅದು ಹತ್ತು ವರ್ಷದಲ್ಲಿ ಮಾಡೀತು.

1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ನದಿಯ ಕೆಳಗಿನ ಪಾತ್ರದಲ್ಲಿ ಇನ್ನೊಂದು ಜಲಾಶಯವಾಗಬೇಕೆಂದು ಸಲಹೆ ಮಾಡಿತು. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯು ಅರ್ಕಾವತಿಯನ್ನು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ಬೆಟ್ಟಗಳ ನಡುವೆ ನಿಂತ ಆ ಕಲ್ಲಿನ ಕಟ್ಟೆ ಗಂಭೀರವಾಗಿದೆ. ಎರಡು ಮೂರು ತಲೆಮಾರುಗಳ ಬೆಂಗಳೂರಿಗರಿಗೆ ಅದು ನೀರುಣಿಸಿತು. ಆಮೇಲೆ ಒಳಹರಿವು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತು. ಬಂದಷ್ಟು ನೀರೂ ಮಲಿನವಾಯಿತು. 2003ರಲ್ಲಿ ಸರ್ಕಾರವು ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂದು ಆಜ್ಞೆ ಹೊರಡಿಸಿತು.

ನದಿ ಏಕೆ ಬತ್ತಿತು? ಕೇಳಿದವರೆಲ್ಲರೂ ಮೊದಲು ಮಳೆಯನ್ನೇ ದೂರುತ್ತಾರೆ. ಹಿಂದಿನ ಹಾಗೆ ಮಳೆಯೆಲ್ಲಿ ಎನ್ನುತ್ತಾರೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಪ್ರಶ್ನೆಯನ್ನೇ ಎತ್ತಿಕೊಂಡು ಅಧ್ಯಯನ ಮಾಡಿ 2015ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಮಳೆಯ ಪ್ರಮಾಣವಾಗಲಿ ಬಿಸಿಲಿನ ಝಳವಾಗಲಿ ನದಿಯನ್ನು ಬತ್ತಿಸುವಷ್ಟು ಬದಲಾಗಿಲ್ಲವೆಂದು ಅವರಿಗೆ ಕಂಡುಬಂದಿತು. ಅವರು ಬೆರಳು ಮಾಡಿದ್ದು ಮುಖ್ಯವಾಗಿ ಎರಡರ ಕಡೆಗೆ: ಕೊಳವೆ ಬಾವಿ, ನೀಲಗಿರಿ ಮರ. ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳದೂ ಸ್ವಲ್ಪ ಪಾಲಿರಬಹುದೆಂದರು.

ಕುರಿ ಕಾಯುವ ತಾತ ಹೇಳಿದ ಒರತೆಯಲ್ಲಿಯೇ ಇದರ ವಿವರಣೆಯಿದೆ. ಬಿದ್ದ ಮಳೆಯೆಲ್ಲ ಕೂಡಲೇ ಹೊಳೆಗೆ ಓಡುವುದಿಲ್ಲ. ಒಂದು ಭಾಗ ನೆಲದಲ್ಲಿ ಇಂಗಿ, ಒಳಗೊಳಗೇ ಸರಿದು, ತಿಂಗಳುಗಳ ಮೇಲೆ ಹೊಳೆಯ ಪಾತ್ರದಲ್ಲಿ ಒಸರುತ್ತದೆ. ಮಳೆ ನಿಂತ ಮೇಲೂ ಹೊಳೆಯನ್ನು ಜೀವಂತವಾಗಿಟ್ಟದ್ದು ಈ ಒಸರು. ಅಂತರ್ಜಲದ ಮಟ್ಟ ಹೊಳೆಯ ಪಾತ್ರಕ್ಕಿಂತ ಮೇಲಿರುವಷ್ಟು ದಿನ ನೆಲವು ಹೊಳೆಗೆ ನೀರು ಕೊಡುತ್ತದೆ; ಕೆಳಕ್ಕಿಳಿದಾಗ ಹೊಳೆಯೇ ನೆಲಕ್ಕೆ ನೀರು ಕೊಡಬೇಕಾಗುತ್ತದೆ. ಏತದಿಂದ ಎತ್ತುತ್ತಿದ್ದ ತೆರೆದ ಬಾವಿಗಳ ಕಾಲ ಹೋಗಿ, ಈ ಸೀಮೆಯಲ್ಲಿ ಇಂದು ಸಾವಿರ ಅಡಿಯನ್ನೂ ದಾಟಿ ಕೊಳವೆ ಬಾವಿ ಕೊರೆಯುತ್ತಾರೆ. ಅದರ ನೀರಿನಿಂದಲೇ ನಮ್ಮ ಊಟದ ತರಕಾರಿ, ದ್ರಾಕ್ಷಿ ಬೆಳೆಯುವುದು. ರೈತನನ್ನು ಬೈದು ಮುಗಿಸಿಬಿಡುವ ವಿಷಯವಲ್ಲ ಇದು.

ನೀಲಗಿರಿಯ ಕಥೆ ಇನ್ನೂ ವಿಚಿತ್ರ. ಆಸ್ಟ್ರೇಲಿಯಾದಿಂದ ಬಂದ ಈ ಮರವನ್ನು ಭಾರತದಲ್ಲಿ ಮೊದಲು ನೆಟ್ಟದ್ದು 1790ರ ಸುಮಾರಿನಲ್ಲಿ, ಟಿಪ್ಪುವಿನ ನಂದಿಬೆಟ್ಟದ ತೋಟದಲ್ಲಿ ಎನ್ನುತ್ತಾರೆ. ಆ ಬೆಟ್ಟದ ಮರಗಳ ಬೀಜದಿಂದಲೇ ‘ಮೈಸೂರು ಗಮ್’ ಎಂಬ ತಳಿ ದೇಶದಲ್ಲೆಲ್ಲ ಹಬ್ಬಿತು. ಇಪ್ಪತ್ತನೆಯ ಶತಮಾನದಲ್ಲಿ ಹೊಲದ ಕೆಲಸಕ್ಕೆ ಆಳು ಸಿಗದವರು ರಾಗಿ ಬಿಟ್ಟು ನೀಲಗಿರಿ ಹಾಕಿದರು. ಅದಕ್ಕೆ ಕಾವಲು ಬೇಡ, ಕಳೆ ಕೀಳುವುದು ಬೇಡ. ಅದರ ಬೇರು ಮಾತ್ರ ಆಳಕ್ಕಿಳಿದು, ಕೆಳಗೆ ಇಂಗಬೇಕಾದ ನೀರನ್ನು ದಾರಿಯಲ್ಲಿಯೇ ಹೀರಿಕೊಳ್ಳುತ್ತದೆ. ಅರ್ಕಾವತಿ ಹುಟ್ಟಿದ ಬೆಟ್ಟದಿಂದಲೇ ಅರ್ಕಾವತಿಯನ್ನು ಕುಡಿಯುವ ಮರವೂ ಇಳಿದುಬಂದಂತಾಯಿತು. 2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ತಿಪ್ಪಗೊಂಡನಹಳ್ಳಿಯಿಂದ ಮುಂದೆ ನದಿ ಮಂಚನಬೆಲೆಯ ಜಲಾಶಯವನ್ನು ಸೇರುತ್ತದೆ. ಅಲ್ಲಿಗೆ ಸಮೀಪದಲ್ಲಿಯೇ ಸಾವನದುರ್ಗದ ಹೆಬ್ಬಂಡೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ದುರ್ಗವನ್ನು ಹಿಡಿಯಿತು. ಯುದ್ಧದ ವಿವರಗಳನ್ನು ಇತಿಹಾಸದ ಪುಸ್ತಕಗಳಿಗೆ ಬಿಟ್ಟು ನಾನು ರಾಮನಗರಕ್ಕೆ ಹೋಗುತ್ತೇನೆ.

ರಾಮನಗರ ನಿಜವಾಗಿ ಅರ್ಕಾವತಿಯ ದಡದ ನಗರ. ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಹಿಂದೆ ಇದನ್ನು ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಇಲ್ಲಿ ನದಿಯನ್ನು ಮೈಸೂರಿಗೆ ಹೋಗುವ ಹೆದ್ದಾರಿಯೂ ದಾಟುತ್ತದೆ, 1880ರ ದಶಕದ ಆರಂಭದಲ್ಲಿ ಮೈಸೂರು ಮುಟ್ಟಿದ ರೈಲು ದಾರಿಯೂ ದಾಟುತ್ತದೆ. ರೈಲಿನಲ್ಲಿ ಹೋಗುವಾಗ ಗಾಲಿಯ ಸದ್ದು ಒಮ್ಮೆಲೇ ಟೊಳ್ಳಾಗಿ ಕೇಳುವುದರಿಂದಲೇ ಸೇತುವೆ ಬಂದಿತೆಂದು ತಿಳಿಯುತ್ತದೆ. ಆಗ ಕಿಟಕಿಯಿಂದ ಇಣುಕಿದವರು ಸಾಮಾನ್ಯವಾಗಿ ನೋಡುವುದು ಕೆಳಗಿನ ಸಣ್ಣ ಕಪ್ಪು ನೀರಿನ ಎಳೆಯನ್ನಲ್ಲ, ದೂರದ ಬಂಡೆಬೆಟ್ಟಗಳನ್ನು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಿಂದ ಆ ಬೆಟ್ಟಗಳು ದೇಶಕ್ಕೆಲ್ಲ ಪರಿಚಿತ. ಆದರೂ ನದಿಯನ್ನು ಕಡೆಗಣಿಸುವಂತಿಲ್ಲ. 2022ರ ಆಗಸ್ಟಿನಲ್ಲಿ ಸುರಿದ ಮಳೆಗೆ ಕೆರೆಗಳು ಕೋಡಿ ಬಿದ್ದು, ರಾಮನಗರದ ಬಡಾವಣೆಗಳಿಗೂ ಹೆದ್ದಾರಿಗೂ ನೀರು ನುಗ್ಗಿತು. ಸತ್ತುಹೋಯಿತೆಂದು ತಿಳಿದಿದ್ದ ಹೊಳೆ ತನ್ನ ಪಾತ್ರದ ಅಗಲವೆಷ್ಟೆಂಬುದನ್ನು ಒಂದೇ ರಾತ್ರಿಯಲ್ಲಿ ಅಳೆದು ತೋರಿಸಿತು.

ರಾಮದೇವರ ಬೆಟ್ಟದ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತವೆ. ಒಂದು ಕಾಲಕ್ಕೆ ದೇಶದಲ್ಲೆಲ್ಲ ಹೇರಳವಾಗಿದ್ದ ಈ ಪಕ್ಷಿಗಳು ಕೆಲವೇ ವರ್ಷಗಳಲ್ಲಿ ಕಣ್ಮರೆಯಾದಾಗ ಅದಕ್ಕೂ ಜನ ನಾನಾ ಕಾರಣಗಳನ್ನು ಊಹಿಸಿದ್ದರು. ಕೊನೆಗೆ ಸಿಕ್ಕಿದ ಕಾರಣ ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ. ಆ ದನದ ಹೆಣವನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತಿತ್ತು. 2006ರಲ್ಲಿ ದನಗಳಿಗೆ ಆ ಔಷಧವನ್ನು ಕೊಡುವುದನ್ನು ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟವನ್ನು ರಣಹದ್ದು ಧಾಮವೆಂದು ಘೋಷಿಸಲಾಯಿತು. ನಾನು ಹೋದ ದಿನ ಒಂದೇ ಒಂದು ಹದ್ದು, ರೆಕ್ಕೆ ಅಲುಗಿಸದೆ, ಬಂಡೆಯ ಮೇಲೆ ಬಹು ಎತ್ತರದಲ್ಲಿ ಸುತ್ತುತ್ತಿತ್ತು.

ಕನಕಪುರದ ಸೀಮೆಯಲ್ಲಿ ವೃಷಭಾವತಿ ಬಂದು ಸೇರುತ್ತದೆ. ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿತೆಂದು ಹೆಸರಾದ ಈ ತೊರೆ ಇಂದು ಬೆಂಗಳೂರಿನ ಕೊಳಚೆಯನ್ನು ಹೊತ್ತು, ಬೈರಮಂಗಲದ ಕೆರೆಯಲ್ಲಿ ನೊರೆಯಾಗಿ ನಿಂತು, ಮುಂದೆ ಹರಿಯುತ್ತದೆ. ನಗರವು ಅರ್ಕಾವತಿಯಿಂದ ಕುಡಿಯುವ ನೀರನ್ನು ಮೇಲ್ಗಡೆ ತೆಗೆದುಕೊಂಡಿತು. ಕೆಳಗಡೆ ಹಿಂದಿರುಗಿಸಿದ್ದು ಇದನ್ನು. ವಿನೋದವೆಂದರೆ, ಇಲ್ಲಿಂದ ಮುಂದೆ ಅರ್ಕಾವತಿ ಬೇಸಗೆಯಲ್ಲಿಯೂ ಬತ್ತುವುದಿಲ್ಲ. ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ ಪಂಪು ಮಾಡಿ ತಂದ ಕಾವೇರಿಯ ನೀರು, ಬೆಂಗಳೂರಿನ ಮನೆಗಳಲ್ಲಿ ಪಾತ್ರೆ ಬಟ್ಟೆ ತೊಳೆದು, ಮೋರಿಯ ದಾರಿ ಹಿಡಿದು ಇಲ್ಲಿಗೆ ಬಂದಿರುತ್ತದೆ. ಅದನ್ನೇ ಹಾಯಿಸಿ ಬೆಳೆ ತೆಗೆಯುವ ರೈತರಿದ್ದಾರೆ.

ಹಾರೋಬೆಲೆಯ ಕಟ್ಟೆಯನ್ನು ದಾಟಿದ ಮೇಲೆ ಕಾಡು ಆರಂಭವಾಗುತ್ತದೆ. ಮೇಕೆದಾಟುವಿಗೆ ಸ್ವಲ್ಪ ಮೇಲ್ಗಡೆ, ಸಂಗಮವೆಂಬ ಸ್ಥಳದಲ್ಲಿ, ಅರ್ಕಾವತಿ ಕಾವೇರಿಯನ್ನು ಕೂಡುತ್ತದೆ. ಸುತ್ತಲೂ ಕಾವೇರಿ ವನ್ಯಧಾಮ. ದಡದ ಉದ್ದಕ್ಕೂ ಹೊಳೆಮತ್ತಿಯ ಮರಗಳು ಬಿಳಿಯ ಕಾಂಡಗಳನ್ನು ನೀರಿನ ಮೇಲೆ ಬಾಗಿಸಿಕೊಂಡು ನಿಂತಿವೆ. ಇಲ್ಲಿ ನಾನು ಅರ್ಕಾವತಿಯನ್ನು ಹರಿಗೋಲಿನಲ್ಲಿ ದಾಟಿದೆ. ನಂದಿಯಿಂದ ಇಲ್ಲಿಯವರೆಗೆ ಅದನ್ನು ನೀರಿನ ಮೇಲೆಯೇ ದಾಟಿದ್ದು ಇದೊಂದೇ ಸಲ. ಹರಿಗೋಲಿನವನು ಹುಟ್ಟಿನಿಂದ ದಡವನ್ನು ನೂಕಿ, ಆಳ ಕಡಮೆಯಿರುವ ಕಡೆ ತಿರುಗಿಸುತ್ತ, ಮಕ್ಕಳಿಗೆ ನಡುವೆ ಕುಳಿತುಕೊಳ್ಳಿರೆಂದು ಹೇಳುತ್ತಿದ್ದ. ಒಬ್ಬ ಹುಡುಗ ಕೈಯನ್ನು ನೀರಿಗೆ ಅದ್ದಿ, ಬೊಗಸೆ ತುಂಬಿ ಬಾಯಿಯ ಬಳಿಗೆ ತಂದ.

“ಅದು ಬೇಡ ಕಣಪ್ಪ,” ಎಂದ ಹರಿಗೋಲಿನವನು. “ಆ ಕಡೆ ಕಾವೇರಿಗೆ ಹೋಗಿ ಕುಡಿ.”